ಒಂದೂವರೆ ಟನ್ನಿನ ಚರಿತ್ರೆ

ನಮ್ಮ ಕಡೆ ಸಾಮಾನು ಸಾಗಿಸೋ ಗಾಡಿಯನ್ನ ಒಬ್ಬರು ಏನಂತ ಕರೀತಾರೆ ಅನ್ನೋದರ ಮೇಲೆ ಅವರ ವಯಸ್ಸನ್ನ ಅಂದಾಜು ಮಾಡಬಹುದು. ಎಪ್ಪತ್ತು ದಾಟಿದವರು ಈಗಲೂ ‘ಟೆಂಪೋ’ ಅಂತಾರೆ. ಅವರಿಗಿಂತ ಸ್ವಲ್ಪ ಚಿಕ್ಕವರಿಗೆ ಅದು ‘ಮೆಟಡೋರ್’, ಎದುರಿಗೆ ನಿಂತಿರೋದು ಯಾವ ಕಂಪನಿಯ ಗಾಡಿಯಾದರೂ ಸರಿ. ನಲವತ್ತರ ಆಚೀಚೆ ಇರೋರು ‘ಫೋರ್ ನಾಟ್ ಸೆವೆನ್’ ಅಂತಾರೆ. ಇಪ್ಪತ್ತೈದರ ಹುಡುಗನಿಗೆ ಎಲ್ಲವೂ ‘ಪಿಕಪ್ಪು’. ಹಂಪಾಪುರದಲ್ಲಿ ಬೆಳಗ್ಗೆ ಆರು ಗಂಟೆಗೆ ರಸ್ತೆ ಬದಿ ನಿಂತರೆ ಈ ನಾಲ್ಕು ಹೆಸರೂ ಕಿವಿಗೆ ಬೀಳುತ್ತೆ. ಕಣ್ಣಿಗೆ ಬೀಳೋದು ಮಾತ್ರ ಬಹುಪಾಲು ಕೊನೆಯದು.

ನಾನು ಹೇಳ್ತಿರೋದು ಎಚ್.ಡಿ. ಕೋಟೆ ತಾಲ್ಲೂಕಿನ ಹೋಬಳಿ ಕೇಂದ್ರವಾದ ಹಂಪಾಪುರ. ಕೆ.ಆರ್. ನಗರದ ಕಡೆ ಇನ್ನೊಂದು ಹಂಪಾಪುರ ಇದೆ, ಅವರು ಬೇಜಾರು ಮಾಡ್ಕೋಬಾರದು. ನಮ್ಮದು ಮೈಸೂರಿನಿಂದ ಕೋಟೆಗೆ, ಅಲ್ಲಿಂದ ಬಾವಲಿ ದಾಟಿ ಮಾನಂದವಾಡಿಗೆ ಹೋಗುವ ರಸ್ತೆಯ ಮೇಲಿದೆ. ಈ ತಾಲ್ಲೂಕಿಗೆ ರೈಲು ಬರಲೇ ಇಲ್ಲ. ಒಂದು ಕಡೆ ನಂಜನಗೂಡು, ಚಾಮರಾಜನಗರಕ್ಕೆ ಹೋಯ್ತು. ಇನ್ನೊಂದು ಕಡೆ ಕೆ.ಆರ್. ನಗರದ ಮೇಲೆ ಹಾಸನ, ಅರಸೀಕೆರೆಗೆ ಹೋಯ್ತು. ಕೋಟೆ ಎರಡಕ್ಕೂ ಹೊರಗೆ ಉಳೀತು. ಹಾಗಾಗಿ ಹತ್ತಿ, ರಾಗಿ, ಹೊಗೆಸೊಪ್ಪು, ಬಾಳೆ, ಶುಂಠಿ ಏನೇ ಬೆಳೆದರೂ ಅದು ರಸ್ತೆ ಮೇಲೇ ಹೋಗಬೇಕು. ಇಲ್ಲಿನ ಬೇಸಾಯದ ಚರಿತ್ರೆ ಬರೆಯೋರು ಮಳೆ ಲೆಕ್ಕ, ಬೆಲೆ ಲೆಕ್ಕದ ಜೊತೆ ಗಾಡಿ ಲೆಕ್ಕವನ್ನೂ ಬರೀಬೇಕು ಅನ್ನೋದು ನನ್ನ ವಾದ.

ಎತ್ತಿನ ಗಾಡಿಗೂ ಲಾರಿಗೂ ನಡುವೆ ಬಹಳ ಕಾಲ ಏನೂ ಇರಲಿಲ್ಲ. ಎತ್ತಿನ ಗಾಡಿ ಹೊಲದ ಒಳಗೆ ಹೋಗುತ್ತೆ, ಆದರೆ ಮೈಸೂರಿಗೆ ಹೋಗಿ ಬರೋಕೆ ರಾತ್ರಿಯೆಲ್ಲಾ ಬೇಕು. ಲಾರಿ ಮೈಸೂರಿಗೆ ಬೇಗ ಹೋಗುತ್ತೆ, ಆದರೆ ಹೊಲಕ್ಕೆ ಬರಲ್ಲ. ಒಬ್ಬ ಸಣ್ಣ ರೈತನ ಬೆಳೆಯಿಂದ ಅದು ತುಂಬೋದೂ ಇಲ್ಲ. ಎರಡು ಮೂರು ಎಕರೆಯವನ ಫಸಲು ಒಂದು ಗಾಡಿಗೆ ಹೆಚ್ಚು, ಒಂದು ಲಾರಿಗೆ ಕಡಿಮೆ. ಈ ನಡುವಿನ ಜಾಗವನ್ನ ದಳ್ಳಾಳಿ ತುಂಬಿದ. ನಾಲ್ಕು ಊರಿನ ಮಾಲು ಒಟ್ಟು ಮಾಡಿ ಲಾರಿ ತುಂಬಿಸೋದೇ ಅವನ ಕಸುಬು, ಅಲ್ಲೇ ಅವನ ಲಾಭ. ಪಿಕಪ್ಪು ನಿಧಾನವಾಗಿ ಕಿತ್ತುಕೊಂಡಿದ್ದು ಈ ಜಾಗವನ್ನ.

ಕಥೆ ಶುರುವಾಗೋದು ಕಾಲು ಟನ್ನಿನಿಂದ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕೆ ಬಂದ ವಿಲ್ಲೀಸ್ ಜೀಪನ್ನ ಅವರ ದಾಖಲೆಯಲ್ಲಿ ಕರೆಯೋದೇ ‘ಕಾಲು ಟನ್ ಟ್ರಕ್’ ಅಂತ. ನಾವು ಅದನ್ನ ಪೊಲೀಸರ ಗಾಡಿ, ಎಂಜಿನಿಯರ್ ಸಾಹೇಬರ ಗಾಡಿ ಅಂತ ನೋಡಿದ್ದು, ಆದರೆ ಹುಟ್ಟಿನಿಂದ ಅದು ಸಾಮಾನಿನ ಗಾಡಿ. 1945ರಲ್ಲಿ ಲೂಧಿಯಾನದಲ್ಲಿ ಉಕ್ಕಿನ ವ್ಯಾಪಾರಕ್ಕೆ ಅಂತ ಶುರುವಾದ ಕಂಪನಿ ‘ಮಹೀಂದ್ರ ಅಂಡ್ ಮೊಹಮ್ಮದ್’. ದೇಶ ವಿಭಜನೆಯಾದಾಗ ಪಾಲುದಾರರಲ್ಲಿ ಒಬ್ಬರು ಪಾಕಿಸ್ತಾನಕ್ಕೆ ಹೋದರು. 1948ರಲ್ಲಿ ಕಂಪನಿಯ ಹೆಸರು ‘ಮಹೀಂದ್ರ ಅಂಡ್ ಮಹೀಂದ್ರ’ ಆಯ್ತು. ಅವರು ಇಲ್ಲಿ ಜೋಡಿಸಿ ಮಾರಿದ ಜೀಪು ಪೆಟ್ರೋಲಿನದು. ಎಳೆಯೋ ಶಕ್ತಿ ಚೆನ್ನಾಗಿತ್ತು, ಕುಡಿಯೋದೂ ಅಷ್ಟೇ ಚೆನ್ನಾಗಿತ್ತು.

1973ರ ಎಣ್ಣೆ ಬಿಕ್ಕಟ್ಟಿನಲ್ಲಿ ಪೆಟ್ರೋಲ್ ಬೆಲೆ ಏರಿದ ಮೇಲೆ ಡೀಸೆಲ್ ಜೀಪಿಗೆ ಬೇಡಿಕೆ ಬಂತು. ಮಹೀಂದ್ರ ಏನು ಮಾಡಿತು ಗೊತ್ತಾ? ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಜೊತೆ ಸೇರಿ ತಯಾರಿಸುತ್ತಿದ್ದ ಬಿ-275 ಟ್ರಾಕ್ಟರಿನ ಇಂಜಿನ್ನನ್ನೇ ಜೀಪಿಗೆ ಇಟ್ಟಿತು. ಉಳುಮೆಯ ಇಂಜಿನ್ನು ರಸ್ತೆಗೆ ಬಂತು. ವೇಗ ಇಲ್ಲ, ನಡುಕ ಜಾಸ್ತಿ, ಸದ್ದಂತೂ ಕೇಳಲೇಬೇಡಿ. ಆದರೆ ಟ್ರಾಕ್ಟರ್ ರಿಪೇರಿ ಗೊತ್ತಿರೋ ಯಾವ ಮೆಕ್ಯಾನಿಕ್ ಬೇಕಾದರೂ ಅದನ್ನ ಬಿಚ್ಚಿ ಜೋಡಿಸಬಲ್ಲವನಾಗಿದ್ದ. ಆಮೇಲೆ ಫ್ರಾನ್ಸಿನ ಪ್ಯೂಜೊ ಕಂಪನಿಯ 2112 ಸಿಸಿ ಡೀಸೆಲ್ ಇಂಜಿನ್ ಬಂತು, ಎಂಎಂ 540 ಜೀಪಿನಲ್ಲಿ ಊರೂರು ಸುತ್ತಿತು.

ಡೀಸೆಲ್ ಯಾಕೆ ಬೇಕಾಯ್ತು ಅನ್ನೋದನ್ನ ಇಲ್ಲೇ ಸ್ವಲ್ಪ ಬಿಡಿಸಿ ಹೇಳ್ತೀನಿ. ಪೆಟ್ರೋಲ್ ಇಂಜಿನ್ನಿನಲ್ಲಿ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನ ಸುಮಾರು ಒಂಬತ್ತು ಹತ್ತು ಪಟ್ಟು ಒತ್ತಿ, ಪ್ಲಗ್ಗಿನ ಕಿಡಿಯಿಂದ ಹೊತ್ತಿಸ್ತಾರೆ. ಡೀಸೆಲ್ಲಿನಲ್ಲಿ ಬರೀ ಗಾಳಿಯನ್ನ ಹದಿನೆಂಟು ಇಪ್ಪತ್ತು ಪಟ್ಟು ಒತ್ತುತ್ತಾರೆ. ಸೈಕಲ್ಲಿಗೆ ಪಂಪು ಹೊಡೆದಾಗ ಪಂಪಿನ ತಳ ಬಿಸಿ ಆಗುತ್ತಲ್ಲ, ಅದೇ ಸಂಗತಿ. ಇಷ್ಟು ಒತ್ತಿದ ಗಾಳಿ 500 ಡಿಗ್ರಿ ಸೆಲ್ಸಿಯಸ್ ದಾಟಿ ಕಾಯುತ್ತೆ. ಆ ಕಾದ ಗಾಳಿಗೆ ಎಣ್ಣೆಯನ್ನ ಮಂಜಿನ ಹಾಗೆ ಚಿಮ್ಮಿಸಿದರೆ ತಾನೇ ಹೊತ್ತಿಕೊಳ್ಳುತ್ತೆ, ಕಿಡಿ ಬೇಡ. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಓಡಿಸಿ ತೋರಿಸಿದ ಇಂಜಿನ್ನು ಎಣ್ಣೆಯ ಶಾಖದಲ್ಲಿ ನೂರಕ್ಕೆ ಇಪ್ಪತ್ತಾರು ಪಾಲನ್ನ ಕೆಲಸಕ್ಕೆ ತಿರುಗಿಸಿತು. ಆ ಕಾಲದ ಉಗಿಯಂತ್ರಗಳು ಅದರ ಅರ್ಧವನ್ನೂ ಮುಟ್ಟಲು ಒದ್ದಾಡುತ್ತಿದ್ದವು.

ಇಷ್ಟು ಒತ್ತಡ ತಡೆಯೋಕೆ ಇಂಜಿನ್ನಿನ ಕಬ್ಬಿಣ ದಪ್ಪ ಇರಬೇಕು, ಅದಕ್ಕೇ ತೂಕ ಜಾಸ್ತಿ. ಜೋರಾಗಿ ತಿರುಗಲ್ಲ, ಆದರೆ ಕಡಿಮೆ ಸುತ್ತಿನಲ್ಲೇ ಪೂರ್ತಿ ತಿರುಚು ಬಲ ಕೊಡುತ್ತೆ. ಇದನ್ನೇ ಟಾರ್ಕ್ ಅನ್ನೋದು. ನಮ್ಮ ಡ್ರೈವರುಗಳು ‘ಪುಲ್ಲಿಂಗ್ ಐತೆ’ ಅಂತಾರೆ, ಅದೇ ಸರಿಯಾದ ಮಾತು. ಮಳೆಗಾಲದಲ್ಲಿ ಹೊಲದ ಬದುವಿನಿಂದ ತುಂಬಿದ ಗಾಡಿಯನ್ನ ಮೇಲಕ್ಕೆ ಎಳೆಯೋಕೆ ಬೇಕಿರೋದು ಆ ಪುಲ್ಲಿಂಗು, ವೇಗ ಯಾರಿಗೆ ಬೇಕು?

ಈ ಎಣ್ಣೆ ಚಿಮ್ಮಿಸೋ ಪಂಪು ಇದೆಯಲ್ಲ, ಡೀಸೆಲ್ ಇಂಜಿನ್ನಿನ ಜೀವ ಇರೋದು ಅಲ್ಲೇ. ಕೂದಲೆಳೆಗಿಂತ ಸಣ್ಣ ಸಂದಿನಲ್ಲಿ ಪ್ಲಂಜರ್ ಓಡಾಡಬೇಕು. ಅದನ್ನ ಇಂಡಿಯಾದಲ್ಲಿ ಮಾಡಿ ಕೊಟ್ಟಿದ್ದು ನಮ್ಮ ಬೆಂಗಳೂರು. 1951ರಲ್ಲಿ ಜರ್ಮನಿಯ ಬಾಷ್ ಜೊತೆ ಸೇರಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಶುರುವಾಯ್ತು, ಆಡುಗೋಡಿಯಲ್ಲಿ ಫ್ಯಾಕ್ಟರಿ ಬಂತು. ಜನ ‘ಮೈಕೋ’ ಅಂದರು. ಮೈಕೋದಲ್ಲಿ ಕೆಲಸ ಅಂದರೆ ಮದುವೆ ಮಾರುಕಟ್ಟೆಯಲ್ಲಿ ಸರ್ಕಾರಿ ನೌಕರಿಗೆ ಸಮ ಅನ್ನಿಸಿಕೊಂಡ ಕಾಲ ಇತ್ತು. ದೇಶದ ಲಾರಿ, ಟ್ರಾಕ್ಟರ್, ಪಂಪ್‌ಸೆಟ್ಟುಗಳಿಗೆಲ್ಲ ಮೈಕೋ ಪಂಪು, ಮೈಕೋ ನಾಜಲ್ಲು. 2008ರಲ್ಲಿ ಕಂಪನಿಯ ಹೆಸರು ಬಾಷ್ ಲಿಮಿಟೆಡ್ ಆಯ್ತು. ಬೆಂಗಳೂರು ಅಂದ ಕೂಡಲೆ ಸಾಫ್ಟ್‌ವೇರ್ ಅನ್ನೋರು ಮೈಕೋ ಲೇಔಟಿನ ಹೆಸರು ಎಲ್ಲಿಂದ ಬಂತು ಅಂತ ಒಂದು ಸಲ ಯೋಚಿಸಬೇಕು.

ಈಗ ಹೆಸರುಗಳ ಕಡೆ ಬರೋಣ. ‘ಟೆಂಪೋ’ ಅನ್ನೋದು ಜರ್ಮನಿಯ ಒಂದು ಕಂಪನಿಯ ಹೆಸರು. ಪುಣೆ ಕಡೆಯ ಬಜಾಜ್ ಟೆಂಪೋ 1958ರಲ್ಲಿ ಅವರ ಹ್ಯಾನ್ಸಿಯಾಟ್ ಮೂರು ಚಕ್ರದ ಗಾಡಿಯನ್ನ ಇಲ್ಲಿ ತಯಾರಿಸಲು ಹೊರಟಿತು. ಮೂತಿ ಉದ್ದದ ಆ ಗಾಡಿ ಪೇಟೆಯಲ್ಲಿ ಚೆನ್ನಾಗಿ ಓಡಿತು, ಹಳ್ಳಿ ದಾರಿಯಲ್ಲಿ ಮೂರು ಚಕ್ರದ ಹಣೆಬರಹ ನಿಮಗೇ ಗೊತ್ತು. ಅದರ ಹಿಂದೆ ಬಂದದ್ದು ನಾಲ್ಕು ಚಕ್ರದ ಮೆಟಡೋರ್. ಮದುವೆ ದಿಬ್ಬಣ, ಸ್ಕೂಲ್ ಮಕ್ಕಳು, ತರಕಾರಿ ಎಲ್ಲಕ್ಕೂ ಒಂದೇ ಗಾಡಿ. ಒಂದು ದೋಷ ಇತ್ತು. ಹಳೆಯ ಮೆಟಡೋರನ್ನ ಎಳೆಯೋದು ಮುಂದಿನ ಚಕ್ರ. ಹಿಂದೆ ಭಾರ ಹೇರಿ ಏರು ಹತ್ತಿಸಿದರೆ ತೂಕವೆಲ್ಲಾ ಹಿಂದಕ್ಕೆ ವಾಲುತ್ತೆ, ಎಳೆಯಬೇಕಾದ ಮುಂದಿನ ಚಕ್ರ ಹಗುರಾಗುತ್ತೆ, ಕೆಸರಿನಲ್ಲಿ ಅದು ನಿಂತಲ್ಲೇ ತಿರುಗುತ್ತೆ. ಸಾಮಾನಿನ ಗಾಡಿಗೆ ಹಿಂದಿನ ಚಕ್ರವೇ ಎಳೆಯಬೇಕು ಅನ್ನೋದಕ್ಕೆ ಕಾರಣ ಇಷ್ಟೇ. ಅಲ್ಲಿ ಭಾರ ಹೆಚ್ಚಾದಷ್ಟೂ ಹಿಡಿತ ಹೆಚ್ಚು.

1980ರ ದಶಕದ ನಡುವೆ ಜಪಾನಿನವರು ಬಂದರು. ಡಿಸಿಎಂ ಟೊಯೊಟಾ, ಆಲ್ವಿನ್ ನಿಸಾನ್, ಸ್ವರಾಜ್ ಮಜ್ದಾ, ಐಷರ್ ಮಿತ್ಸುಬಿಷಿ, ಹೀಗೆ ನಾಲ್ಕು ಜೋಡಿ. ಗಾಡಿಗಳು ನಯವಾಗಿದ್ದವು. ಆದರೆ ಬಿಡಿಭಾಗ ಜಪಾನಿನಿಂದ ಬರಬೇಕು, 1985ರ ಪ್ಲಾಜಾ ಒಪ್ಪಂದದ ನಂತರ ಯೆನ್ ಬೆಲೆ ಏರುತ್ತಾ ಹೋಯ್ತು, ಗಾಡಿ ಬೆಲೆಯೂ ಅದರ ಹಿಂದೆ ಹೋಯ್ತು. ಅದೇ ಹೊತ್ತಿಗೆ, 1986ರಲ್ಲಿ, ಟಾಟಾದವರು 407 ಬಿಟ್ಟರು. ಟಾಟಾ ಹೆಸರುಗಳಲ್ಲಿ ಒಂದು ಲೆಕ್ಕ ಇದೆ. ಮೊದಲ ಅಂಕಿ ಒಟ್ಟು ತೂಕದ ಟನ್ನು, ಕೊನೆಯ ಎರಡು ಅಂಕಿಗೆ ಸೊನ್ನೆ ಸೇರಿಸಿದರೆ ಅಶ್ವಶಕ್ತಿ. 1210 ಅಂದರೆ ಹನ್ನೆರಡು ಟನ್ನು, ನೂರು ಹೆಚ್.ಪಿ. 407 ಅಂದರೆ ನಾಲ್ಕು ಟನ್ನು, ಎಪ್ಪತ್ತು ಹೆಚ್.ಪಿ. ನಮ್ಮ ಜನಕ್ಕೆ ಈ ಲೆಕ್ಕ ಬೇಕಿರಲಿಲ್ಲ. ಮೈಸೂರಿನಲ್ಲಿ ಸ್ಪೇರು ಸಿಗುತ್ತೆ, ಮೆಕ್ಯಾನಿಕ್ಕಿಗೆ ಗೊತ್ತಿರೋ ಇಂಜಿನ್ನು, ಎರಡು ಪಟ್ಟು ಹೇರಿದರೂ ಮುರಿಯಲ್ಲ. ಅಷ್ಟು ಸಾಕಾಯ್ತು. ಜಪಾನಿನ ನಾಲ್ಕು ಜೋಡಿಯಲ್ಲಿ ಎರಡು ಹೆಚ್ಚು ವರ್ಷ ಉಳಿಯಲಿಲ್ಲ.

ಆದರೂ 407 ದೊಡ್ಡ ಗಾಡಿ. ಒಬ್ಬ ರೈತನ ಮಗ ಸಾಲ ಮಾಡಿ ಕೊಳ್ಳೋ ಗಾತ್ರದ್ದಲ್ಲ. 1988ರಲ್ಲಿ ಟಾಟಾಮೊಬೈಲ್ 206 ಬಂತು, ಕಾರಿನಂಥ ಮೂತಿ, ಹಿಂದೆ ತೆರೆದ ಬಾಡಿ. ‘ಪಿಕಪ್’ ಅನ್ನೋ ಆಕಾರವನ್ನ ಇಲ್ಲಿನವರೇ ವಿನ್ಯಾಸ ಮಾಡಿ ತಂದದ್ದು ಅದು. ಆ ಆಕಾರದ ಮೂಲ ಅಮೆರಿಕದ್ದು. 1925ರಲ್ಲಿ ಫೋರ್ಡ್ ತನ್ನ ಮಾಡೆಲ್-ಟಿ ಕಾರಿಗೆ ಹಿಂದೆ ಪೆಟ್ಟಿಗೆ ಕೂರಿಸಿ 281 ಡಾಲರಿಗೆ ಮಾರಿತ್ತು. ಕೊಂಡವರಲ್ಲಿ ರೈತರು ಬಹಳ. 206ರ ನಂತರ 207, ಆಮೇಲೆ ಮಹೀಂದ್ರದ ಪಿಕಪ್ಪುಗಳು, 2000ದಲ್ಲಿ ಬೊಲೆರೊ ಬಂದ ಮೇಲೆ ಅದೇ ಮೂತಿಯ ಬೊಲೆರೊ ಪಿಕಪ್ಪು. 2005ರಲ್ಲಿ ಟಾಟಾ ಏಸ್ ಬಂತು, ಎರಡು ಸಿಲಿಂಡರು, 702 ಸಿಸಿ. ಅದು ಪೇಟೆ ಗಲ್ಲಿಗೆ ಹೇಳಿ ಮಾಡಿಸಿದ್ದು. ಹೊಲಕ್ಕೆ, ಕಾಡಂಚಿನ ರಸ್ತೆಗೆ, ಘಟ್ಟ ಇಳಿದು ಕೇರಳಕ್ಕೆ ಹೋಗೋಕೆ ನಮ್ಮವರು ಪಿಕಪ್ಪನ್ನೇ ಆರಿಸಿಕೊಂಡರು.

ಅಮೆರಿಕದ ಪಿಕಪ್ಪಿನ ವಿಷಯ ಬಂದಾಗ ಒಂದು ಹೋಲಿಕೆ ಮಾಡದೆ ಇರೋಕಾಗಲ್ಲ. ಅಲ್ಲಿ 1989ರಲ್ಲಿ ಡಾಡ್ಜ್ ತನ್ನ ಪಿಕಪ್ಪಿಗೆ ಕಮಿನ್ಸ್ ಕಂಪನಿಯ 5.9 ಲೀಟರಿನ ಡೀಸೆಲ್ ಇಂಜಿನ್ ಇಟ್ಟಾಗ ಅದರ ಶಕ್ತಿ 160 ಹೆಚ್.ಪಿ., ಟಾರ್ಕು ಸುಮಾರು 540 ನ್ಯೂಟನ್ ಮೀಟರ್. ಆಗ ಅದೇ ದೊಡ್ಡ ಸುದ್ದಿ. ಈಗ ಫೋರ್ಡಿನ ಎಫ್-350ರಲ್ಲಿ 500 ಹೆಚ್.ಪಿ., 1600 ನ್ಯೂಟನ್ ಮೀಟರಿಗೂ ಮೇಲೆ. ನಮ್ಮ ಬೊಲೆರೊ ಪಿಕಪ್ಪಿನ 2523 ಸಿಸಿ ಇಂಜಿನ್ನು ಎಪ್ಪತ್ತು ಎಪ್ಪತ್ತೈದು ಹೆಚ್.ಪಿ., 200 ನ್ಯೂಟನ್ ಮೀಟರ್ ಆಸುಪಾಸು. ಎಂಟನೇ ಒಂದು ಭಾಗದ ಟಾರ್ಕಿನಲ್ಲಿ, ಕಾಗದದ ಮೇಲೇ, 1.3ರಿಂದ 1.7 ಟನ್ನು ಹೊರುತ್ತೆ. ಅದು ಹೇಗೆ? ಗೇರು. ಮೊದಲ ಗೇರು ಮತ್ತು ಹಿಂದಿನ ಆಕ್ಸಲ್ಲಿನ ಕ್ರೌನ್-ಪಿನಿಯನ್ ಸೇರಿ ಇಂಜಿನ್ನಿನ ಬಲವನ್ನ ಹಲವು ಪಟ್ಟು ಮಾಡಿ ಚಕ್ರಕ್ಕೆ ಕೊಡುತ್ತೆ, ಬದಲಿಗೆ ವೇಗವನ್ನ ಕಸಿದುಕೊಳ್ಳುತ್ತೆ. ಅಮೆರಿಕದವರು ಮೂರ್ನಾಲ್ಕು ಟನ್ನಿನ ಟ್ರೈಲರನ್ನ ನೂರು ಕಿಲೋಮೀಟರ್ ವೇಗದಲ್ಲಿ ಘಟ್ಟ ಹತ್ತಿಸಬೇಕು, ಅದಕ್ಕೆ ಅಷ್ಟು ಶಕ್ತಿ. ನಾವು ನಲವತ್ತರಲ್ಲಿ ಹತ್ತಿಸ್ತೀವಿ. ಹಿಂದೆ ಬರೋ ಬಸ್ಸಿನವನು ಹಾರ್ನ್ ಹೊಡೀತಾನೆ, ಹೊಡೀಲಿ.

ಉಳಿದದ್ದು ಎರಡೂ ಗಾಡಿಯಲ್ಲಿ ಒಂದೇ ತತ್ತ್ವ. ಏಣಿಯ ಹಾಗೆ ಎರಡು ಉದ್ದ ತೊಲೆ, ನಡುವೆ ಅಡ್ಡ ತೊಲೆ, ಅದೇ ಚಾಸಿ. ಹಿಂದೆ ಗಟ್ಟಿ ಆಕ್ಸಲ್ಲು, ಅದರ ಮೇಲೆ ಕಮಾನು ಪಟ್ಟೆಗಳ ಕಟ್ಟು. ಕಾರಿನ ಸುರುಳಿ ಸ್ಪ್ರಿಂಗಿಗೆ ಹೋಲಿಸಿದರೆ ಕಮಾನು ಒರಟು, ಖಾಲಿ ಗಾಡಿಯಲ್ಲಿ ಸೊಂಟ ಮುರಿಯುತ್ತೆ. ಆದರೆ ಅದು ಭಾರವನ್ನೂ ಹೊರುತ್ತೆ, ಆಕ್ಸಲ್ಲನ್ನೂ ಅದರ ಜಾಗದಲ್ಲಿ ಹಿಡಿದಿಡುತ್ತೆ. ಒಂದು ಪಟ್ಟೆ ಮುರಿದರೆ ಉಳಿದವು ಮನೆ ತಲುಪಿಸುತ್ತವೆ.

ತೊಂದರೆ ಶುರುವಾಗೋದೂ ಈ ಕಮಾನಿನಿಂದಲೇ. ಶುಂಠಿ ವ್ಯಾಪಾರ ನಡೆಯೋದು 60 ಕಿಲೋ ಚೀಲದ ಲೆಕ್ಕದಲ್ಲಿ. 1.7 ಟನ್ನು ಅಂದರೆ ಇಪ್ಪತ್ತೆಂಟು ಚೀಲ. ಗಾಡಿ ಬಾಡಿಗೆ ಮಾತ್ರ ಟ್ರಿಪ್ಪಿನ ಲೆಕ್ಕದಲ್ಲಿ. ಇಪ್ಪತ್ತೆಂಟು ಹಾಕಿದರೂ ಅದೇ ಬಾಡಿಗೆ, ನಲವತ್ತು ಹಾಕಿದರೂ ಅದೇ. ಹಾಗಿದ್ದ ಮೇಲೆ ಯಾರು ಇಪ್ಪತ್ತೆಂಟಕ್ಕೆ ನಿಲ್ಲಿಸ್ತಾರೆ? ಹೊಸ ಗಾಡಿ ಶೋರೂಮಿನಿಂದ ಬಂದ ವಾರದಲ್ಲೇ ವರ್ಕ್‌ಶಾಪಿಗೆ ಹೋಗಿ ಕಮಾನಿಗೆ ಇನ್ನೆರಡು ಪಟ್ಟೆ ಸೇರಿಸಿಕೊಂಡು ಬರ್ತಾರೆ. ಪಟ್ಟೆ ಸೇರಿಸಿದರೆ ಗಾಡಿ ಹಿಂದೆ ಕುಸಿಯೋದು ನಿಲ್ಲುತ್ತೆ. ಬ್ರೇಕು ಅಷ್ಟೇ ಇರುತ್ತೆ, ಟೈರು ಅಷ್ಟೇ ಇರುತ್ತೆ. ತೂಕ ಒಂದೂವರೆ ಪಟ್ಟಾದರೆ ಅದೇ ವೇಗದಲ್ಲಿ ಬ್ರೇಕು ನುಂಗಬೇಕಾದ ಶಾಖವೂ ಒಂದೂವರೆ ಪಟ್ಟು. ಇಳಿಜಾರಿನಲ್ಲಿ ಅದರ ಲೆಕ್ಕ ಸಿಗುತ್ತೆ.

ಹೊಗೆಸೊಪ್ಪಿನ ಕಥೆಯೂ ಪಿಕಪ್ಪಿಗೆ ಅಂಟಿಕೊಂಡಿದೆ. ತಂಬಾಕು ಮಂಡಳಿ ಹುಟ್ಟಿದ್ದು 1976ರಲ್ಲಿ. ಕರ್ನಾಟಕದಲ್ಲಿ ಮಂಡಳಿಯ ಹರಾಜು ಶುರುವಾದದ್ದು 1984ರಲ್ಲಿ. ಅಲ್ಲಿಯವರೆಗೆ ವ್ಯಾಪಾರಿ ಹೇಳಿದ್ದೇ ರೇಟು. ಹರಾಜು ಬಂದ ಮೇಲೆ ರೈತನೇ ತನ್ನ ಬೇಲುಗಳನ್ನ ಗೊತ್ತಾದ ದಿನ ಪ್ಲಾಟ್‌ಫಾರಂಗೆ ಒಯ್ಯಬೇಕಾಯ್ತು. ಹುಣಸೂರು, ಪಿರಿಯಾಪಟ್ಟಣ, ಕೋಟೆ ಕಡೆಯ ಹರಾಜು ಕಟ್ಟೆಗಳ ಮುಂದೆ ಹಂಗಾಮಿನಲ್ಲಿ ಸಾಲು ನಿಲ್ಲೋ ಪಿಕಪ್ಪುಗಳ ಹಿಂದೆ ಈ ನಿಯಮ ಇದೆ. ಬ್ಯಾರನ್ನಿಗೆ ಸೌದೆ ತರೋದೂ ಅವೇ, ಸೊಪ್ಪು ಒಯ್ಯೋದೂ ಅವೇ. ರೇಟು ಬಿದ್ದ ವರ್ಷ ಬೇಲು ವಾಪಸ್ ತರೋದೂ ಅವೇ, ಎರಡೂ ಕಡೆ ಬಾಡಿಗೆ ರೈತನದು.

ಡೀಸೆಲ್ಲಿನ ಅಗ್ಗದ ಕಾಲವೂ ಮುಗೀತು. 2013ರ ಜನವರಿಯಿಂದ ತಿಂಗಳಿಗೆ ಐವತ್ತು ಪೈಸೆಯಂತೆ ಏರಿಸಿ, 2014ರ ಅಕ್ಟೋಬರಿನಲ್ಲಿ ಬೆಲೆ ನಿಯಂತ್ರಣವನ್ನೇ ಕೇಂದ್ರ ಸರ್ಕಾರ ಬಿಟ್ಟಿತು. 2020ರ ಏಪ್ರಿಲ್ಲಿನಿಂದ ಬಿಎಸ್-6. ಹಳೆ ಪಂಪು ಕೆಲವು ನೂರು ಬಾರ್ ಒತ್ತಡದಲ್ಲಿ ಚಿಮ್ಮಿಸುತ್ತಿದ್ದ ಎಣ್ಣೆಯನ್ನ ಈಗಿನ ಕಾಮನ್ ರೈಲು ಸಾವಿರದ ಮೇಲೆ ಒತ್ತಿ, ಕಂಪ್ಯೂಟರ್ ಹೇಳಿದ ಕ್ಷಣದಲ್ಲಿ ಬಿಡುತ್ತೆ. ಹೊಗೆ ಕಡಿಮೆ ಆಯ್ತು, ಸದ್ದು ಇಳೀತು, ಒಳ್ಳೆಯದೇ. ಆದರೆ ನಾಜಲ್ಲು ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು ಹಾಕ್ತಿದ್ದ ಊರ ಮೆಕ್ಯಾನಿಕ್ ಈಗ ಲ್ಯಾಪ್‌ಟಾಪ್ ಇರೋನ ಹತ್ತಿರ ಕಳಿಸ್ತಾನೆ.

ಇಷ್ಟೆಲ್ಲಾ ಬರೆದದ್ದು ಸಾಮಾನಿನ ಬಗ್ಗೆ. ಪಿಕಪ್ಪು ಸಾಮಾನನ್ನ ಮಾತ್ರ ಸಾಗಿಸಿದ್ದರೆ ಇಲ್ಲಿಗೆ ನಿಲ್ಲಿಸಬಹುದಿತ್ತು.

ಬೆಳಗ್ಗೆ ಆರಕ್ಕೆ ಹಂಪಾಪುರದ ರಸ್ತೆಯಲ್ಲಿ ಹೋಗೋ ಪಿಕಪ್ಪಿನ ಬಾಡಿಯಲ್ಲಿ ಇರೋದು ಹೆಣ್ಣಾಳುಗಳು. ಶುಂಠಿ ಕೀಳೋಕೆ, ಹೊಗೆಸೊಪ್ಪು ಮುರಿಯೋಕೆ, ಹತ್ತಿ ಬಿಡಿಸೋಕೆ. ಕೋಟೆ, ಹುಣಸೂರಿನ ಹಾಡಿಗಳಿಂದ ಜೇನುಕುರುಬರು, ಕಾಡುಕುರುಬರು, ಯರವರು ಕೊಡಗಿನ ಕಾಫಿ ತೋಟಕ್ಕೆ ಜೀಪಿನಲ್ಲಿ, ಪಿಕಪ್ಪಿನಲ್ಲಿ ಹೋಗಿ ಬರ್ತಾರೆ. ಮೇಸ್ತ್ರಿ ಲೆಕ್ಕ ಹಾಕೋದು ತಲೆ ಎಣಿಸಿ. ಆ ಹೊತ್ತಿಗೆ ಆ ದಾರಿಗೆ ಬಸ್ಸು ಇರಲ್ಲ. ಇದ್ದರೂ ಹೊಲದ ತನಕ ಬರಲ್ಲ.

ಇಲ್ಲಿ ಒಂದು ಲೆಕ್ಕ ನೋಡಿ. ಮೂವತ್ತು ಜನ, ತಲೆಗೆ 55 ಕಿಲೋ ಅಂದರೆ 1650 ಕಿಲೋ. ಗಾಡಿಯ ಲೆಕ್ಕದಲ್ಲಿ ಇದು ಓವರ್‌ಲೋಡೇ ಅಲ್ಲ. ಕಮಾನು ಕುಸಿಯಲ್ಲ, ಇಂಜಿನ್ನು ಏದುಸಿರು ಬಿಡಲ್ಲ. ನಲವತ್ತು ಚೀಲ ಹೇರಿದಾಗ ಗಾಡಿಯೇ ನರಳಿ ಡ್ರೈವರಿಗೆ ಹೇಳುತ್ತೆ, ಮೂವತ್ತು ಜನ ಹತ್ತಿದಾಗ ಏನೂ ಹೇಳಲ್ಲ. ಆದರೆ ಚೀಲ ಬಾಡಿಯ ತಳದಲ್ಲಿ ಮಲಗಿರುತ್ತೆ, ಹಗ್ಗ ಬಿಗಿದಿರುತ್ತೆ. ನಿಂತ ಮನುಷ್ಯನ ತೂಕದ ಕೇಂದ್ರ ಸೊಂಟದ ಹತ್ತಿರ, ಅಂದರೆ ರಸ್ತೆಯಿಂದ ಹೆಚ್ಚುಕಡಿಮೆ ಆಳೆತ್ತರದಲ್ಲಿ. ತಿರುವಿನಲ್ಲಿ ಎಲ್ಲರೂ ಒಂದೇ ಕಡೆ ವಾಲ್ತಾರೆ, ಚೀಲ ವಾಲಲ್ಲ. ಮಗುಚಿದರೆ ಅವರ ಮೇಲೆ ಸೂರಿಲ್ಲ, ಹಿಡಿಯೋಕೆ ಪಕ್ಕದ ಕಂಬಿ ಬಿಟ್ಟರೆ ಬೇರೆ ಇಲ್ಲ.

ಕಾನೂನು ಏನನ್ನುತ್ತೆ? ಸರಕಿನ ಗಾಡಿಯಲ್ಲಿ ಪ್ರಯಾಣಿಕರನ್ನ ಒಯ್ಯೋ ಹಾಗಿಲ್ಲ. ಒಯ್ದು ಅಪಘಾತವಾದರೆ ವಿಮೆ? 1988ರ ಮೋಟಾರು ವಾಹನ ಕಾಯ್ದೆಗೆ 1994ರಲ್ಲಿ ಒಂದು ಸಾಲು ಸೇರಿತು. ಗಾಡಿಯಲ್ಲಿರೋ ಸರಕಿನ ಮಾಲೀಕ ಅಥವಾ ಅವನ ಅಧಿಕೃತ ಪ್ರತಿನಿಧಿಗೆ ವಿಮೆ ಅನ್ವಯಿಸುತ್ತೆ ಅಂತ. ಮಿಕ್ಕವರ ಗತಿ ಏನು ಅನ್ನೋದು ಕೋರ್ಟಿನಲ್ಲಿ ಓಲಾಡಿತು. ಮೊದಲು ಸತ್ಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ವಿಮಾ ಕಂಪನಿ ಕೊಡಬೇಕು ಅಂದಿತ್ತು. 2002ರ ಡಿಸೆಂಬರಿನಲ್ಲಿ ಆಶಾ ರಾಣಿ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನ ತಿರುಗಿಸಿತು. ಸರಕಿನ ಗಾಡಿಯಲ್ಲಿ ಸುಮ್ಮನೆ ಹತ್ತಿದವರಿಗೆ ವಿಮಾ ಕಂಪನಿ ಹೊಣೆಯಲ್ಲ ಅಂದಿತು. 2004ರಲ್ಲಿ ಬಲ್ಜಿತ್ ಕೌರ್ ಪ್ರಕರಣದಲ್ಲಿ ಸ್ವಲ್ಪ ಮೆದುವಾಗಿ, ಆ ಸಲಕ್ಕೆ ಕಂಪನಿ ಮೊದಲು ಕೊಡಲಿ, ಆಮೇಲೆ ಗಾಡಿ ಮಾಲೀಕನಿಂದ ವಸೂಲು ಮಾಡಿಕೊಳ್ಳಲಿ ಅಂತ ಆದೇಶ ಮಾಡಿತು. ಡ್ರೈವರ್ ಲೈಸೆನ್ಸಿನ ಗೊಂದಲವನ್ನ ಮಾತ್ರ 2024ರ ನವೆಂಬರಿನಲ್ಲಿ ಸಂವಿಧಾನ ಪೀಠ ಬಗೆಹರಿಸಿದೆ. ಲಘು ವಾಹನದ ಲೈಸೆನ್ಸ್ ಇದ್ದವನು 7500 ಕಿಲೋ ಒಳಗಿನ ಸಾರಿಗೆ ವಾಹನ ಓಡಿಸಬಹುದು. ಪಿಕಪ್ಪಿನ ಡ್ರೈವರಿಗೆ ಅಷ್ಟು ನೆಮ್ಮದಿ.

ಹಿಂದಿನ ಬಾಡಿಯಲ್ಲಿ ಕೂತ ಹೆಣ್ಣಾಳು ಆ ಸಾಲಿನಲ್ಲಿ ಎಲ್ಲಿ ಬರ್ತಾಳೆ? ಅವಳು ಕಿತ್ತ ಶುಂಠಿಗೆ ಅವಳು ಮಾಲೀಕಳಲ್ಲ, ಪ್ರತಿನಿಧಿಯೂ ಅಲ್ಲ. ಗಾಡಿ ಮಾಲೀಕನ ಕೂಲಿಯವಳಾಗಿದ್ದರೆ, ಅಂದರೆ ಲೋಡು ಇಳಿಸಿ ಏರಿಸೋಳಾಗಿದ್ದರೆ, ಕಾಯ್ದೆಯಲ್ಲಿ ಒಂದು ಸಣ್ಣ ಜಾಗ ಇದೆ. ಆದರೆ ಅವಳಿಗೆ ಕೂಲಿ ಕೊಡೋದು ಹೊಲದವನು, ಕರೆತರೋದು ಮೇಸ್ತ್ರಿ, ಗಾಡಿ ಮೂರನೆಯವನದು. ಅದಕ್ಕೇ ಪರಿಹಾರದ ಅರ್ಜಿಗಳಲ್ಲಿ ಎಷ್ಟೋ ಜನ ತಮ್ಮ ತರಕಾರಿ ಮೂಟೆ ಜೊತೆ ಸಂತೆಗೆ ಹೋಗ್ತಿದ್ದವರಾಗಿ ಕಾಣಿಸಿಕೊಳ್ತಾರೆ. ವಿಮಾ ಕಂಪನಿಯ ವಕೀಲರು ಮೂಟೆ ಎಲ್ಲಿ ಬಿದ್ದಿತ್ತು, ಮಹಜರಿನಲ್ಲಿ ಯಾಕಿಲ್ಲ ಅಂತ ಕೇಳ್ತಾರೆ. ಮೂಟೆ ಸಿಗದಿದ್ದರೆ ಪರಿಹಾರದ ಹೊರೆ ಗಾಡಿ ಮಾಲೀಕನ ಮೇಲೆ ಬೀಳುತ್ತೆ. ಬಹಳ ಸಲ ಅವನ ಹತ್ತಿರ ಇರೋ ಆಸ್ತಿ ಅಂದರೆ ಆ ಜಖಂ ಆದ ಪಿಕಪ್ಪು, ಅದರ ಕಂತು ಇನ್ನೂ ಬಾಕಿ.